ನಾಲ್ಕನೇ ಮೆಟ್ಟಿಲು, ಐದನೇ ಗೆರೆ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಶಾಲೆಯ ಗಂಟೆತಾತ. ಹೇಳಿದ್ದು ನಾವು ಎಂಟನೇ ತರಗತಿಗೆ ಬಂದ ವರ್ಷ, ಜುಲೈ ತಿಂಗಳ ಒಂದು ಶುಕ್ರವಾರ, ಕೊನೆಯ ಪೀರಿಯಡ್ಡಿನಲ್ಲಿ. ಅದು ಪರಿಸರ ಅಧ್ಯಯನದ ಪೀರಿಯಡ್ಡು. ಮಿಸ್ ಗಂಟಲು ಕಟ್ಟಿ ರಜೆ ಹಾಕಿದ್ದರು. ಬೇಗ ಬಿಡುತ್ತಾರೆಂದು ನಾವು ಚೀಲ ಹೆಗಲಿಗೇರಿಸಿ ನಿಂತಿದ್ದೆವು. ತಾತ ಬಂದವರೇ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕೂತರು.

ನಕಾಶೆಗಳ ಬೀರುವಿನಿಂದ ಒಂದು ಕಟ್ಟು ತೆಗೆದರು. ಹಳೇ ಕೊಡೆಯ ಕಪ್ಪು ಬಟ್ಟೆಯ ಪಟ್ಟಿಯಲ್ಲಿ ಕಟ್ಟಿದ ಪತ್ರಗಳು. ಒಂದರ್ಧ ಮಿಸ್ ಬರೆದದ್ದು, ಇನ್ನರ್ಧ ಮಿಸ್ಸಿನ ಅಪ್ಪ ಬರೆದದ್ದು. ಬೇರೆಯವರ ಪತ್ರ ಓದಬಹುದೇ ಎಂದು ನಮ್ಮಲ್ಲೊಬ್ಬಳು ಕೇಳಿದಳು.

"ಮಿಸ್ಸೇ ಹೇಳಿರೋದು, ತಾನು ಇಲ್ಲದ ದಿನ ಓದಿಸು ಅಂತ," ಎಂದರು ತಾತ. "ಎದುರಿಗೆ ಓದಿದ್ರೆ ಅವರಿಗೆ ನಾಚಿಕೆ. ನನ್ನ ಕನ್ನಡಕ ಮನೇಲಿದೆ. ದೊಡ್ಡ ಗಂಟಲು ಯಾರದ್ದು?"

ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನಾನು ಓದಿದೆ. ನಡುನಡುವೆ ತಾತ ಹೇಳಿದರು. ಎರಡೂ ಸೇರಿದರೆ ಈ ಕಥೆ.

*

ಜೂನ್ ೧೪

ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅತ್ತೆಯ ಮಂಡಿನೋವು ಹೇಗಿದೆ? ಫೋನು ಮಾಡಿದರೆ ನೀವು ಎಲ್ಲದಕ್ಕೂ ಹೂಂ ಹೂಂ ಎನ್ನುತ್ತೀರಿ. ಏನೂ ಕೇಳಿಸಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೆಡ್‌ಮಿಸ್ ಕೊನೆಗೂ ಒಪ್ಪಿದರು. ಈ ವರ್ಷದಿಂದ ಎಂಟನೇ ತರಗತಿಗೆ ಪರಿಸರ ಅಧ್ಯಯನ ಶುರುವಾಗಿದೆ. ವಾರಕ್ಕೆ ಒಂದೇ ಪೀರಿಯಡ್ಡು, ಅದೂ ಶುಕ್ರವಾರದ ಕೊನೆಯದು. ಬೇರೆ ಯಾವ ಮೇಷ್ಟ್ರಿಗೂ ಬೇಡವಾದ ಹೊತ್ತು ಅದು. ಕೋಣೆಯೂ ಹಾಗೆಯೇ, ನಕಾಶೆ ಇಡುವ ಉಗ್ರಾಣ. ಒಂದು ಕಿಟಕಿ ಇದೆ, ಅದರ ಮುಂದೆ ಬೀರು ಇದೆ. ಮೊದಲ ದಿನ ಮಕ್ಕಳು ಪಠ್ಯಪುಸ್ತಕ ಎಲ್ಲಿ ಎಂದು ಕೇಳಿದರು. ಕಿಟಕಿಯ ಆಚೆ ನೋಡಿ, ಅದೇ ಪಠ್ಯಪುಸ್ತಕ ಎಂದೆ, ಬಹಳ ಚೆನ್ನಾಗಿ ಹೇಳಿದೆನೆಂಬ ಹೆಮ್ಮೆಯಲ್ಲಿ. ಹದಿನೇಳು ಜನ ಬೀರುವನ್ನೇ ನೋಡುತ್ತಾ ಕೂತರು. ಗಂಟೆತಾತ ಬಾಗಿಲಲ್ಲಿ ನಿಂತು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಇದು ಒಂದು ವರ್ಷದ ಪ್ರಯೋಗವಂತೆ. ಡಿಸೆಂಬರಿನಲ್ಲಿ ಶಾಲಾ ಸಮಿತಿ ಕೂತು, ಈ ವಿಷಯ ಮುಂದೆ ಇರಲೋ ಬೇಡವೋ ಎಂದು ತೀರ್ಮಾನಿಸುತ್ತದೆ. ಬೇಡವೆಂದರೆ ನನಗೆ ಮತ್ತೆ ಹೊಲಿಗೆ ಪೀರಿಯಡ್ಡು. ನನ್ನ ಹೊಲಿಗೆ ನೀವು ನೋಡಿದ್ದೀರಿ.

ಅದಕ್ಕೊಂದು ಕೇಳಿಕೆ. ನೀವು ಕೆಲಸ ಬಿಟ್ಟ ಮೇಲೆ ನೀರಿನ ಕಚೇರಿಯವರು ಕೆರೆಯ ಅಳತೆಯನ್ನೇ ನಿಲ್ಲಿಸಿ, ನಿಮ್ಮ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟಿದ್ದರಲ್ಲ, ಅವು ನನ್ನ ಹತ್ತಿರ ಇವೆ. ವರ್ಷಕ್ಕೊಂದರಂತೆ ಇಪ್ಪತ್ತಾರು ಪುಸ್ತಕ. ಅವನ್ನು ಮಕ್ಕಳ ಕೈಗೆ ಕೊಡಲೇ? ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ಕೆರೆಯ ನೀರು ಎಷ್ಟಿದೆ ಎಂದು ನೋಡಿ ಬರೆದಿಟ್ಟದ್ದು ಇನ್ನಾವ ಶಾಲೆಯಲ್ಲಿದೆ? ನನ್ನ ಇಡೀ ವರ್ಷದ ಪಾಠ ಅದರ ಮೇಲೆಯೇ ನಿಂತಿದೆ. ಬೇಡವೆನ್ನಬೇಡಿ.

ಅಡುಗೆಮನೆಯಲ್ಲಿದ್ದ ಅಂಚು ನೆಗ್ಗಿದ ಅಗಲ ಬಟ್ಟಲನ್ನೂ ಆ ಕೋಣೆಗೆ ಒಯ್ದಿದ್ದೇನೆ. ಸೀಮೆಸುಣ್ಣ ಹಾಕಿಡಲು.

ಇಂತಿ,
ನಿಮ್ಮ ಮಗಳು

*

ಜೂನ್ ೨೫

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಪತ್ರ ಬಂತು. ನಿನ್ನ ಅತ್ತೆ ಅದನ್ನು ತನ್ನ ಕೊಡೆ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದಳು. ಕೊಡೆ ರಿಪೇರಿಗೆ ಬಂದವರು ನಿನ್ನ ಬೀರುವಿನ ಕಥೆ ಕೇಳಿ ನಕ್ಕುಕೊಂಡು ಹೋದರು. ಆಯುಸ್ಸೆಲ್ಲ ನೀರು ಬೀಳಲಿ, ಕೆರೆ ತುಂಬಲಿ ಎಂದು ಕಾದ ನಾನು ಈಗ ಅದೇ ನೀರು ಜನರ ತಲೆ ಮೇಲೆ ಬೀಳದ ಹಾಗೆ ಕೊಡೆ ಹೊಲಿಯುತ್ತಿದ್ದೇನೆ. ಎಷ್ಟಾದರೂ ನನ್ನ ಅಕ್ಕ, ಹೇಳುತ್ತಾಳೆ, "ನಿನ್ನ ಹೊಲಿಗೆ ನೋಡಿದ್ರೆ ನಿನ್ನ ಮಗಳು ಯಾರ ಥರ ಅಂತ ಕೇಳೋದೇ ಬೇಡ."

ಪುಸ್ತಕ ಕೊಡು. ಅದಕ್ಕೆ ನನ್ನನ್ನು ಕೇಳಬೇಕೇ? ಕಚೇರಿಯವರು ಹೊರಗೆ ಹಾಕಿದ್ದನ್ನು ನೀನು ಒಳಗೆ ತಂದಿದ್ದೀಯ. ಓದುವ ಕ್ರಮ ಹೇಳುತ್ತೇನೆ. ಎಡಗಡೆ ತಾರೀಖು, ನಡುವೆ ಅಡಿ, ಬಲಗಡೆ ಅಂಗುಲ. ಕೊನೆಯಲ್ಲಿ ಒಂದು ಚುಕ್ಕೆ ಇದ್ದರೆ ಅಂದು ಗಾಳಿ ಇತ್ತು, ನೀರು ತುಳುಕುತ್ತಿತ್ತು ಎಂದರ್ಥ. ಆಗ ಮೂರು ಸಲ ನೋಡಿ ನಡುವಿನದನ್ನು ಬರೆಯುತ್ತಿದ್ದೆ. ಮಕ್ಕಳಿಗೆ ಹೇಳು, ಅವಸರದಲ್ಲಿ ನೋಡಿದರೆ ನೀರು ಮೋಸ ಮಾಡುತ್ತದೆ.

ಹದಿನೆಂಟನೇ ಪುಸ್ತಕ ತೇವ ಹಿಡಿದು ಹಾಳಾಗಿದೆ ಎಂದು ನೆನಪು. ಅದನ್ನು ಬಿಟ್ಟುಬಿಡಿ. ಹದಿನೇಳರವರೆಗೆ ನೋಡಿದರೆ ಸಾಕು. ಮಕ್ಕಳಿಗೆ ಅಷ್ಟೇ ಹೆಚ್ಚು.

ಅತ್ತೆಯ ಮಂಡಿ ಹಾಗೇ ಇದೆ. ಬಾಯಿಗೆ ಏನೂ ಆಗಿಲ್ಲ.

ಇಂತಿ,
ಅಪ್ಪ

*

ಆಗಸ್ಟ್ ೯

ಅಪ್ಪನಿಗೆ ನಮಸ್ಕಾರಗಳು.

ಹದಿನೆಂಟನೇ ಪುಸ್ತಕಕ್ಕೆ ಏನೂ ಆಗಿಲ್ಲ, ಚೆನ್ನಾಗಿದೆ. ನಿಮಗೆ ಬೇರೆ ಯಾವುದೋ ನೆನಪಿರಬೇಕು. ಇಪ್ಪತ್ತಾರನ್ನೂ ನೋಡಿದೆವು.

ಒಂದೊಂದು ಮಗುವಿಗೆ ಒಂದೂವರೆ ವರ್ಷ ಹಂಚಿದೆ. ತಿಂಗಳಿಗೊಂದು ಚುಕ್ಕೆಯಂತೆ ಹಾಳೆಯಲ್ಲಿ ಗುರುತು ಹಾಕಿ, ಹಾಳೆಗಳನ್ನು ಸಾಲಾಗಿ ಅಂಟಿಸಿದೆವು. ಗೋಡೆ ಸಾಲದೆ ಬೀರುವಿನ ಮೇಲೂ ಹಾಯಿಸಿದೆವು. ಮಧ್ಯಾಹ್ನ ಊಟ ಮುಗಿಸಿ ಬೇರೆ ತರಗತಿಯವರೂ ಬಂದು ನೋಡುತ್ತಾರೆ, ತಾವು ಹುಟ್ಟಿದ ತಿಂಗಳು ಕೆರೆ ಎಷ್ಟಿತ್ತು ಎಂದು. ನನ್ನದನ್ನು ನಾನೂ ನೋಡಿಕೊಳ್ಳೋಣವೆಂದರೆ ನಾನು ನಿಮ್ಮ ಮೊದಲ ಪುಸ್ತಕಕ್ಕಿಂತ ಹಳಬಳು. ಈಗ ದಿನಾ ಬೆಳಿಗ್ಗೆ ಇಬ್ಬರು ಕೆರೆಗೆ ಹೋಗಿ ನೀರಿನಲ್ಲಿ ನೆಟ್ಟಿರುವ ನಿಮ್ಮ ಅದೇ ಅಳತೆ ಹಲಗೆಯಲ್ಲಿ ಮಟ್ಟ ಓದಿ ಬರೆಯುತ್ತಾರೆ. ಇಪ್ಪತ್ತೇಳನೇ ಪುಸ್ತಕ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ.

ಫಲಿತಾಂಶ ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಮೊದಲ ಹದಿನೇಳು ವರ್ಷ ಕೆರೆ ಸ್ವಲ್ಪಸ್ವಲ್ಪವೇ ಇಳಿದಿದೆ. ಹದಿನೆಂಟನೇ ವರ್ಷ ಬಿರುಗಾಳಿ ಬಂತಲ್ಲ, ಆಗ ಒಮ್ಮೆಗೇ ಒಂದು ಗೇಣು ಏರಿದೆ. ಇಂದು ನೋಡಿದರೆ ನೀವು ಕೆಲಸಕ್ಕೆ ಸೇರಿದ ವರ್ಷ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ಕೆರೆ ತನ್ನನ್ನು ತಾನೇ ಉಳಿಸಿಕೊಂಡಿದೆ ಎಂದು ಮಕ್ಕಳು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ.

ಒಬ್ಬಳಿಗೆ ಮಾತ್ರ ಸಮಾಧಾನವಿಲ್ಲ. ದೋಣಿ ರಿಪೇರಿಯವನ ಮಗಳು. ಪ್ರತಿ ಮಾತನ್ನೂ ಆದ್ರೆ ಎಂದೇ ಶುರು ಮಾಡುವುದರಿಂದ ಅವಳಿಗೆ ಆದ್ರೆ ಎಂದೇ ಹೆಸರು ಬಿದ್ದಿದೆ. ಮೊನ್ನೆ ಎದ್ದು ನಿಂತಳು.

"ಆದ್ರೆ ಮಿಸ್, ಬಿರುಗಾಳಿ ಮಳೆ ನೀರು ಬಂದಿದ್ದು ಆಮೇಲೆ ಇಳೀಬೇಕಲ್ವಾ? ಏರಿದ್ದು ಏರಿದ ಹಾಗೇ ಯಾಕೆ ಕೂತಿದೆ? ಆದ್ರೆ ನಮ್ಮಪ್ಪ ಹೇಳ್ತಾರೆ, ದೋಣಿ ನೀರಿಗಿಳಿಸೋಕೆ ವರ್ಷವರ್ಷ ಇನ್ನೊಂದು ನಾಲ್ಕು ಹೆಜ್ಜೆ ಹೆಚ್ಚು ಎಳೀಬೇಕು ಅಂತ."

ಕೆರೆ ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಕೇಳಿ ಹೇಳುತ್ತೇನೆ ಎಂದಿದ್ದೇನೆ. ಬರೆಯುತ್ತೀರಾ?

ಇಂತಿ,
ನಿಮ್ಮ ಮಗಳು

*

ಆಗಸ್ಟ್ ೩೦

ಮಗಳಿಗೆ ಆಶೀರ್ವಾದಗಳು.

ಮಳೆಗಾಲವಾದ್ದರಿಂದ ಕೈ ತುಂಬ ಕೆಲಸ. ಅದಕ್ಕೇ ತಡ.

ನೀನು ಕೇಳಿದ್ದಕ್ಕೆ ಏನೆಂದು ಹೇಳಲಿ. ಹೂಳು ತುಂಬಿರಬಹುದು. ದಡ ಕುಸಿದಿರಬಹುದು. ಕೆರೆ ಅಂದಮೇಲೆ ನೂರು ಕಾರಣ ಇರುತ್ತದೆ. ಆ ಹುಡುಗಿಗೆ ಚೆನ್ನಾಗಿ ಓದಲು ಹೇಳು.

ಬೆಳಿಗ್ಗೆ ಹೋಗುವ ಮಕ್ಕಳಿಗೆ ಕೆರೆಯ ಮೆಟ್ಟಿಲು ಜಾರುತ್ತದೆ ಎಂದು ಹೇಳು. ಮೂರನೆಯದರಲ್ಲೇ ನಿಂತು ನೋಡಲಿ. ನಾಲ್ಕಕ್ಕೆ ಇಳಿಯಬೇಡಿ.

ಅಪ್ಪ

*

ಅಕ್ಟೋಬರ್ ೪

ಅಪ್ಪನಿಗೆ ನಮಸ್ಕಾರಗಳು.

ಸೆಪ್ಟೆಂಬರಿನಲ್ಲಿ ಬರೆದ ಎರಡು ಪತ್ರಗಳು ತಲುಪಿದವೋ ಇಲ್ಲವೋ. ಅತ್ತೆಗೆ ಫೋನು ಮಾಡಿದೆ. ತಲುಪಿವೆ ಎಂದರು. "ಓದ್ತಾನೆ, ಮಡಿಸ್ತಾನೆ, ಜೇಬಲ್ಲಿ ಇಟ್ಕೋತಾನೆ, ಮತ್ತೆ ಓದ್ತಾನೆ. ನನ್ನ ಕೈಗೆ ಕೊಡೋದಿಲ್ಲ," ಎಂದರು. ಮೈಗೆ ಹುಷಾರಿಲ್ಲವೇ? ನನ್ನ ಮೇಲೆ ಕೋಪವೇ? ಕೋಪವಾದರೆ ಕಾರಣ ಹೇಳಿ. ನಮ್ಮಿಬ್ಬರಲ್ಲಿ ಕಾರಣ ಹೇಳುವ ಅಭ್ಯಾಸ ತಪ್ಪಿ ಬಹಳ ವರ್ಷವಾಯಿತು, ಆದರೂ ಕೇಳುತ್ತಿದ್ದೇನೆ.

ಇಲ್ಲಿ ನಮ್ಮ ಚುಕ್ಕೆಗಳ ಚಿತ್ರಕ್ಕೆ ಬಹಳ ಮರ್ಯಾದೆ ಸಿಕ್ಕಿದೆ. ಶಾಲಾ ಸಮಿತಿಯ ಅಧ್ಯಕ್ಷರು ಪಟ್ಟಣಸಭೆಯಲ್ಲೂ ಇದ್ದಾರೆ. ಅವರು ಬಂದು ನೋಡಿ, ಉದ್ದಕ್ಕೂ ನಡೆದು, ಮತ್ತೆ ಹಿಂದಕ್ಕೆ ನಡೆದು, ಇದನ್ನು ಪಟ್ಟಣಸಭೆಯ ಗೋಡೆಗೆ ಹಾಕಬೇಕು ಎಂದರು. ಹಾಕಿದ್ದಾರೆ. ಮಕ್ಕಳ ಹೆಸರೆಲ್ಲ ಕೆಳಗಿದೆ, ನಿಮ್ಮದು ಎಲ್ಲಕ್ಕಿಂತ ಮೇಲಿದೆ. ಈ ವಿಷಯ ಶಾಲೆಯಲ್ಲಿ ಉಳಿದಂತೆಯೇ ಎಂದು ಹೆಡ್‌ಮಿಸ್ ನನ್ನ ಬೆನ್ನು ತಟ್ಟಿದರು.

ಒಂದೇ ಒಂದು ಮುಳ್ಳು ಚುಚ್ಚುತ್ತಿದೆ. ಹೊಸ ಬಡಾವಣೆಗೆ ಕೆರೆಯಿಂದ ಎರಡನೇ ಕೊಳವೆ ಹಾಕುವ ಮಾತು ಬಹಳ ದಿನದಿಂದ ಇತ್ತು. ಈಗ ಅಧ್ಯಕ್ಷರು ಎಲ್ಲರಿಗೂ ನಮ್ಮ ಚಿತ್ರವನ್ನೇ ತೋರಿಸುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಕೆರೆ ಒಂದು ಅಂಗುಲವೂ ಇಳಿದಿಲ್ಲ, ಮಕ್ಕಳೇ ಲೆಕ್ಕ ಹಾಕಿದ್ದಾರೆ, ಇನ್ನೊಂದು ಕೊಳವೆಯಿಂದ ಏನಾದೀತು ಎನ್ನುತ್ತಾರೆ. ನಮ್ಮ ಆದ್ರೆ ಅದನ್ನು ಕೇಳಿ ಮನೆಗೆ ಹೋಗಿ ಅತ್ತಳಂತೆ. ಅವರಪ್ಪ ಬಂದು ಹೇಳಿದ. ನಾನು ಅವಳಿಗೆ ಏನು ಹೇಳಲಿ? ಹೂಳು ಎಂದೆ, ದಡ ಎಂದೆ. ಹೂಳು ತುಂಬಿದರೆ ಕೆರೆಯಲ್ಲಿ ನೀರು ಕಡಿಮೆಯಾಗುತ್ತದೆಯೇ ಹೊರತು ಒಂದೇ ವಾರದಲ್ಲಿ ಗೇಣು ಏರಿ ಅಲ್ಲೇ ಹೇಗೆ ನಿಲ್ಲುತ್ತದೆ ಎಂದು ಕೇಳಿದಳು.

ನಾನು ಅವಳಿಗೆ ಹೇಳಿದ್ದು ಇಷ್ಟೇ. ಆ ಅಂಕಿಗಳನ್ನು ಬರೆದವರು ನನ್ನಪ್ಪ, ಅವುಗಳಲ್ಲಿ ತಪ್ಪಿರುವುದಿಲ್ಲ ಎಂದೆ.

ಇಂತಿ,
ನಿಮ್ಮ ಮಗಳು

*

ಅಕ್ಟೋಬರ್ ೨೧

ಮಗಳೇ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯದನ್ನು ಹರಿಯಲು ಬಿಡುವುದಿಲ್ಲ ಎಂದು ಅಕ್ಕ ಎದುರಿಗೇ ಕೂತಿದ್ದಾಳೆ.

ಆ ಹುಡುಗಿ ಹೇಳಿದ್ದೇ ಸರಿ. ಕೆರೆ ಏರಿಲ್ಲ. ಹಲಗೆ ಇಳಿದಿದೆ.

ಹಲಗೆಯ ಮೇಲೆ ಅಡಿಗೊಂದು ಕೆಂಪು ಗೆರೆ ಇದೆ. ಅದರ ಐದನೇ ಗೆರೆ ಯಾವಾಗಲೂ ಕೆರೆಯ ನಾಲ್ಕನೇ ಮೆಟ್ಟಿಲಿನ ಅಂಚಿಗೆ ಸಮವಾಗಿರಬೇಕು. ನಾನು ಕೆಲಸಕ್ಕೆ ಸೇರಿದಾಗ ಹಿಂದಿನವರು ಕಲಿಸಿಕೊಟ್ಟ ಮೊದಲ ಪಾಠ ಅದು. ಹಲಗೆ ಸಡಿಲವಾದಾಗಲೆಲ್ಲ ಕಿತ್ತು ಮತ್ತೆ ನೆಡಬೇಕು. ನೆಡುವಾಗ ಮೆಟ್ಟಿಲಿನಿಂದ ಹಲಗೆಯವರೆಗೆ ಒಂದು ನೇರವಾದ ಮರದ ಪಟ್ಟಿ ಇಟ್ಟು, ಪಟ್ಟಿಯ ಮೇಲೆ ಬಟ್ಟಲು ತುಂಬ ನೀರಿಡಬೇಕು. ಪಟ್ಟಿ ಒಂದು ಕಡೆ ವಾಲಿದರೂ ಆ ಕಡೆಯಿಂದ ನೀರು ಚೆಲ್ಲುತ್ತದೆ. ಇದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಒಬ್ಬರು ಎದೆಮಟ್ಟದ ನೀರಿನಲ್ಲಿ ಹಲಗೆ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಮೆಟ್ಟಿಲ ಮೇಲೆ ಕೂತು ಬಟ್ಟಲು ನೋಡುತ್ತಾ, ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಹಾಂ ಸಾಕು, ಎಂದು ಹೇಳಬೇಕು. ಕಚೇರಿ ಕಾಗದದಲ್ಲಿ ಅದಕ್ಕೆ ಇಬ್ಬರು ನೌಕರರು. ಇದ್ದವನು ನಾನೊಬ್ಬ. ಹದಿನೇಳು ವರ್ಷ ಮೆಟ್ಟಿಲ ಮೇಲೆ ಕೂತು ಹೇಳಿದವಳು ನಿನ್ನ ಅಮ್ಮ. ಮನೆಯಿಂದ ಅಗಲ ಬಟ್ಟಲು ತರುತ್ತಿದ್ದಳು. ಅದರ ಅಂಚು ನೆಗ್ಗಿದ್ದು ಹಾಗೆಯೇ, ಒಂದು ಸಲ ನಾನು ಮಾತು ಕೇಳದೆ ಹಲಗೆ ಬಿಟ್ಟಿದ್ದಕ್ಕೆ ಸಿಟ್ಟಾಗಿ ಮೆಟ್ಟಿಲಿಗೆ ಕುಕ್ಕಿದಳು. ಆಮೇಲೆ ಇಬ್ಬರೂ ನಕ್ಕೆವು.

ಬಿರುಗಾಳಿ ಬಂದದ್ದು ಅವಳು ಹೋದ ಮೂರನೇ ರಾತ್ರಿ. ನಾಲ್ಕನೇ ದಿನ ಬೆಳಿಗ್ಗೆ ದೋಣಿಯವನು ಬಂದು ಹಲಗೆ ಕಿತ್ತು ತೇಲುತ್ತಿದೆ ಎಂದ. ಮನೆ ತುಂಬ ಜನ. ಎಲ್ಲರೂ ಅಳುತ್ತಿದ್ದರು, ಎಲ್ಲರಿಗೂ ಅಳಲು ಬರುತ್ತಿತ್ತು. ನನಗೆ ಬರುತ್ತಿದ್ದ ಕೆಲಸ ಅದೊಂದೇ. ಸುತ್ತಿಗೆ ತೆಗೆದುಕೊಂಡು ಹೋದೆ. ಹಲಗೆ ನೆಟ್ಟೆ, ನೀರಿನಲ್ಲಿ ನಿಂತೆ, ಮೆಟ್ಟಿಲ ಕಡೆ ತಿರುಗಿ ಸರಿಯಾ ಎಂದು ಕೇಳಿದೆ.

ಕೇಳಿದ ಮೇಲೆ ನೆನಪಾಯಿತು.

ಕಣ್ಣಂದಾಜಿನಲ್ಲಿ ಹೊಡೆದು ಬಂದುಬಿಟ್ಟೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾಲ್ಕನೇ ಮೆಟ್ಟಿಲಲ್ಲಿ ಕೂತವನ ಕಣ್ಣಿಗೆ ಬಿತ್ತು, ಐದನೇ ಗೆರೆ ಅಂಚಿಗಿಂತ ಒಂದು ಗೇಣು ಕೆಳಗಿದೆ. ಹಲಗೆ ಕೆಳಗಿಳಿದರೆ ನೀರು ಮೇಲಿನ ಅಂಕಿಗೆ ತಾಗುತ್ತದೆ. ಅಷ್ಟೇ ವಿಷಯ. ಅಂದೇ ಕಿತ್ತು ನೆಡಬಹುದಿತ್ತು. ಅದಕ್ಕೆ ಬಟ್ಟಲು ಹಿಡಿದು ಇನ್ನೊಬ್ಬರನ್ನು ಅಲ್ಲಿ ಕೂರಿಸಬೇಕಿತ್ತು. ನಾಳೆ ಎಂದುಕೊಂಡೆ. ಒಂದೊಂದು ನಾಳೆಗೂ ಒಂದೊಂದು ಅಂಕಿ ಬರೆದೆ. ಎಂಟು ವರ್ಷ ಬರೆದೆ. ಒಂದು ದಿನವೂ ತಪ್ಪಿಸದೆ ಬರೆದವನೆಂದು ಕಚೇರಿಯವರು ಹಿತ್ತಾಳೆ ಬಿಲ್ಲೆ ಕೊಟ್ಟರು. ಅದು ಈಗ ಅಕ್ಕನ ಅಂಗಡಿ ಬಾಗಿಲು ಬಡಿದುಕೊಳ್ಳದಂತೆ ಸಂದಿಯಲ್ಲಿ ಸಿಕ್ಕಿಸಿದೆ.

ಮಕ್ಕಳಿಗೆ ಹೇಳು, ಬಿರುಗಾಳಿಯ ವಾರದಿಂದ ಮುಂದಿನ ಪ್ರತಿ ಅಂಕಿಯಿಂದ ಒಂಬತ್ತು ಅಂಗುಲ ಕಳೆಯಬೇಕು. ಕಳೆದರೆ ಕೆರೆ ಇಪ್ಪತ್ತಾರು ವರ್ಷದಲ್ಲಿ ಒಂದು ಗೇಣು ಇಳಿದಿರುವುದು ಕಾಣುತ್ತದೆ. ನಾನು ನೋಡಿದ್ದರಲ್ಲಿ ಸುಳ್ಳಿಲ್ಲ, ನೆಟ್ಟದ್ದರಲ್ಲಿ ಇದೆ.

ನನ್ನ ಹೆಸರು ಹೇಳಲು ಅಂಜಬೇಡ. ನಿನ್ನ ತರಗತಿ ಹೋದರೆ ಅದು ನನ್ನಿಂದ ಹೋಯಿತು. ಅದಕ್ಕೇ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆ ಹುಡುಗಿ ಅತ್ತಳೆಂದು ಬರೆದೆಯಲ್ಲ, ಆಮೇಲೆ ಆಗಲಿಲ್ಲ.

ಅಪ್ಪ

*

ಮುಂದಿನ ಪತ್ರಕ್ಕೆ ಕೈ ಹಾಕಿದೆ. ತಾತ ನನ್ನ ಮಣಿಕಟ್ಟು ಹಿಡಿದರು.

"ತಡಿ," ಎಂದರು. "ಮಿಸ್ಸಿನ ಅಪ್ಪ ಆರು ವಾರ ಕಾದಿದ್ದಾರೆ. ನೀನು ಆರು ನಿಮಿಷ ಕಾಯಿ."

ಗೋಡೆ ಗಡಿಯಾರ ನೋಡುತ್ತಾ ಕಾದೆವು. ಯಾರೂ ಚೀಲ ಮುಟ್ಟಲಿಲ್ಲ. ಆ ಪತ್ರ ಬಂದ ಮರುದಿನ ಮಿಸ್ ನಕಾಶೆ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬರೇ ಕೂತಿದ್ದರೆಂದು, ತಾನು ಗಂಟೆ ಹೊಡೆಯುವುದನ್ನು ಹತ್ತು ನಿಮಿಷ ತಡ ಮಾಡಿದೆನೆಂದು, ಮೂವತ್ತು ವರ್ಷದ ನೌಕರಿಯಲ್ಲಿ ಅದೊಂದೇ ಸಲವೆಂದು ತಾತ ಹೇಳಿದರು. ಹೆಡ್‌ಮಿಸ್ ಕೇಳಿದಾಗ ಗಡಿಯಾರ ನಿಂತಿತ್ತು ಎಂದರಂತೆ.

*

ಡಿಸೆಂಬರ್ ೨

ಮಗಳೇ,

ಪತ್ರ ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ಉತ್ತರಕ್ಕಾಗಿ ಬರೆಯುತ್ತಿಲ್ಲ. ಅಲ್ಲಿ ಚಳಿ ಶುರುವಾಗಿರಬೇಕು. ಬೆಳಿಗ್ಗೆ ಹೋಗುವ ಮಕ್ಕಳಿಗೆ ಕಿವಿ ಮುಚ್ಚಿಕೊಂಡು ಹೋಗಲು ಹೇಳು.

ನಾಲ್ಕನೇ ಮೆಟ್ಟಿಲು ಜಾರುವುದಿಲ್ಲ. ಅದನ್ನೂ ಸುಳ್ಳೇ ಬರೆದಿದ್ದೆ.

ಅಪ್ಪ

*

ಡಿಸೆಂಬರ್ ೧೫

ಅಪ್ಪ,

ನನಗೆ ಕೋಪ ಬಂದಿತ್ತು. ಅಂಕಿಗಳ ವಿಷಯಕ್ಕಲ್ಲ.

ಆ ದಿನ ನೀನು ಸುತ್ತಿಗೆ ಹಿಡಿದು ಗೇಟು ದಾಟಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅಮ್ಮ ಹೋಗಿ ನಾಲ್ಕು ದಿನವಾಗಿಲ್ಲ, ಇವರಿಗೆ ಕೆರೆಯದ್ದೇ ಚಿಂತೆ ಎಂದುಕೊಂಡೆ. ಹನ್ನೊಂದು ವರ್ಷ ಹಾಗೆಯೇ ಅಂದುಕೊಂಡಿದ್ದೆ. ನೀನು ಕರೆದಿದ್ದರೆ ಬರುತ್ತಿದ್ದೆ. ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಯಾಕೆ ಕರೆಯಲಿಲ್ಲ ಎಂದು ಆರು ವಾರ ಕೋಪ. ಆಮೇಲೆ, ಅಂದು ಕಿಟಕಿಯಲ್ಲಿ ನಿಂತವಳು ಎಲ್ಲಿಗೆ ಎಂದು ಒಂದು ಮಾತು ಕೇಳಬಹುದಿತ್ತಲ್ಲ ಎನಿಸಿತು. ಇರಲಿ.

ಏನೇನಾಯಿತು ಹೇಳುತ್ತೇನೆ. ನಿನ್ನ ಪತ್ರವನ್ನು ತರಗತಿಗೆ ಒಯ್ದೆ. ಓದಲು ಶುರು ಮಾಡಿದೆ, ಬಟ್ಟಲಿನ ಹತ್ತಿರ ಬಂದಾಗ ನನ್ನ ಕೈಲಾಗಲಿಲ್ಲ. ನಮ್ಮ ಆದ್ರೆ ಎದ್ದು ಬಂದು ಕೈಯಿಂದ ತೆಗೆದುಕೊಂಡು ಕೊನೆಯವರೆಗೆ ಓದಿದಳು. ಆಮೇಲೆ ಹಿಂದಿನ ಬೆಂಚಿನವನು ಬಟ್ಟಲಿನ ಸೀಮೆಸುಣ್ಣವನ್ನೆಲ್ಲ ಮೇಜಿನ ಮೇಲೆ ಸುರಿದು, ಅಂಗಿಯಿಂದ ಬಟ್ಟಲು ಒರೆಸಿ, "ಹೋಗೋಣ ಮಿಸ್," ಎಂದ.

ಹೋಗಿ ಅಳೆದೆವು. ಒಂಬತ್ತು ಅಂಗುಲವಲ್ಲ, ಎಂಟೂಮುಕ್ಕಾಲು. ನಿನ್ನ ಗೇಣು ನೀನು ತಿಳಿದುಕೊಂಡಷ್ಟು ದೊಡ್ಡದಲ್ಲ. ಮೂರು ವಾರ ಕೂತು ಎಲ್ಲ ಚುಕ್ಕೆಗಳನ್ನೂ ಇಳಿಸಿದೆವು. ಹಳೇ ಗೆರೆಯನ್ನು ಅಳಿಸಲು ಮಕ್ಕಳು ಒಪ್ಪಲಿಲ್ಲ. ಅದರ ಕೆಳಗೇ ಹೊಸದನ್ನು ಎಳೆದು, ಎರಡೂ ಕಾಣಲಿ ಎಂದರು.

ಮೊನ್ನೆ ಸಮಿತಿ ಕೂತಿತು. ಪಟ್ಟಣಸಭೆಯ ಗೋಡೆಯಿಂದ ನಾವು ಚಿತ್ರ ಇಳಿಸಿದ್ದಕ್ಕೆ ಅಧ್ಯಕ್ಷರಿಗೆ ಮೊದಲೇ ಸಿಟ್ಟಿತ್ತು. ಹಲಗೆ ನೆಟ್ಟವರು ನನ್ನ ಅಪ್ಪ, ತಪ್ಪನ್ನು ಹೇಳಿದವರೂ ಅವರೇ ಎಂದೆ. ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, "ಎರಡು ತಿಂಗಳ ಹಿಂದೆ ಒಂದು ಹೇಳಿದ್ರಿ, ಈಗ ಇನ್ನೊಂದು ಹೇಳ್ತೀರಿ. ಇದೇನಮ್ಮ ಪಾಠ? ನಾವು ಯಾವುದನ್ನ ನಂಬೋದು?" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಆದ್ರೆ ಕೇಳಿಬಿಟ್ಟಳು, "ನಂಬೋದ್ಯಾಕೆ ಸಾರ್? ಮೆಟ್ಟಿಲು ಅಲ್ಲೇ ಇದೆ. ಬನ್ನಿ ನೋಡೋಣ."

ಒಂದು ಸಲವೂ ಆದ್ರೆ ಎನ್ನಲಿಲ್ಲ.

ಇಡೀ ಸಮಿತಿ ಕೆರೆಗೆ ಹೊರಟಿತು. ಮುಂದೆ ಅಧ್ಯಕ್ಷರು, ಹಿಂದೆ ಗಂಟೆತಾತ ಪಟ್ಟಿ ಹೊತ್ತು. ಅಧ್ಯಕ್ಷರೇ ಬೂಟು ಬಿಚ್ಚಿ ಪ್ಯಾಂಟು ಮಡಿಸಿ ಮೆಟ್ಟಿಲಲ್ಲಿ ಕೂತು ಬಟ್ಟಲು ಇಟ್ಟರು. ಮೊದಲ ಸಲ ನೀರೆಲ್ಲ ಮಡಿಲಿಗೆ ಬಿತ್ತು. ಮಕ್ಕಳು ನಗು ತಡೆದುಕೊಂಡು ಇನ್ನೊಂದು ಬಟ್ಟಲು ತುಂಬಿ ಕೊಟ್ಟರು. ಎರಡನೇ ಸಲ ನಿಂತಿತು. ಗೆರೆ ಎಷ್ಟು ಕೆಳಗಿದೆ ಎಂದು ತಮ್ಮ ಕೈಯಿಂದಲೇ ಅಳೆದು ನೋಡಿದರು. ಏಳುವಾಗ, ಇನ್ನೊಂದು ವರ್ಷದ ಅಳತೆ ಬರಲಿ, ಕೊಳವೆ ಮಾತು ಆಮೇಲೆ ನೋಡೋಣ ಎಂದರು. ಒದ್ದೆ ಪ್ಯಾಂಟಿನಲ್ಲಿ ಅಷ್ಟು ಹೇಳಿದ್ದೇ ದೊಡ್ಡದು.

ತರಗತಿ ಇದೆ. ಇನ್ನೊಂದು ವರ್ಷ ಪ್ರಯೋಗವಂತೆ. ಶುಕ್ರವಾರದ ಕೊನೆಯ ಪೀರಿಯಡ್ಡೇ. ಆದರೆ ಬೀರುವನ್ನು ಕಿಟಕಿಯಿಂದ ಸರಿಸಿಕೊಟ್ಟಿದ್ದಾರೆ.

ಈಗ ಹಲಗೆಯನ್ನು ಸರಿಯಾಗಿ ನೆಡಬೇಕು. ಗಂಟೆತಾತ ನೆಡುತ್ತೇನೆಂದರು. ಮಕ್ಕಳು ನೆಡುತ್ತೇವೆಂದರು. ನಾನು ಬೇಡವೆಂದೆ. ಅದು ಇಬ್ಬರ ಕೆಲಸ, ಒಬ್ಬರು ಬರಬೇಕು, ಕಾಯೋಣ ಎಂದಿದ್ದೇನೆ.

ಬಟ್ಟಲು ತೊಳೆದಿಟ್ಟಿದ್ದೇನೆ.

ನಿನ್ನ ಮಗಳು

*

ಡಿಸೆಂಬರ್ ೨೩

ಮಗಳೇ,

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಎರಡು ದಿನ ಇರುತ್ತೇನೆ ಎಂದೆ. ಅಕ್ಕ ಕೊಡೆ ರಿಪೇರಿಯ ಸೂಜಿ, ದಾರ, ಕಡ್ಡಿಗಳನ್ನೆಲ್ಲ ನನ್ನ ಚೀಲಕ್ಕೆ ತುಂಬಿದಳು. ಎರಡು ದಿನಕ್ಕೆ ಇದೆಲ್ಲ ಯಾಕೆ ಎಂದು ಕೇಳಿದರೆ, ಬಾಗಿಲಿಗೆ ಸಿಕ್ಕಿಸಿದ ಬಿಲ್ಲೆಯನ್ನೂ ಕಿತ್ತು ಹಾಕಿದಳು. ನಿನ್ನ ಪತ್ರಗಳನ್ನೂ ತರುತ್ತಿದ್ದೇನೆ. ತರಗತಿಯಲ್ಲಿ ಇರಲಿ. ಒಂದು ಕಡೆಯದು ಮಾತ್ರ ಓದಿದರೆ ಮಕ್ಕಳಿಗೆ ಅರ್ಧ ಲೆಕ್ಕ.

ಒಂದು ತೊಂದರೆ ಇದೆ. ನಾನು ನೀರಿನಲ್ಲಿ ನಿಂತಿರುತ್ತೇನೆ, ನೀನು ಮೇಲಿಂದ ಹೇಳಿದ್ದು ನನಗೆ ಕೇಳಿಸುವುದಿಲ್ಲ. ಅದಕ್ಕೆ ಕೈಯಲ್ಲಿ ತೋರಿಸು. ಅಂಗೈ ಮೇಲೆ ಮಾಡಿದರೆ ಏರಿಸುತ್ತೇನೆ. ಕೆಳಗೆ ಮಾಡಿದರೆ ಇಳಿಸುತ್ತೇನೆ. ನನ್ನ ಎದುರಿಗೆ ಹಿಡಿದರೆ ಸಾಕು ಎಂದರ್ಥ.

ಈ ಸಲ ಮಾತು ಕೇಳುತ್ತೇನೆ.

ನಿನ್ನ ಅಪ್ಪ

*

ಕಟ್ಟಿನಲ್ಲಿ ಅದೇ ಕೊನೆಯ ಪತ್ರ. ಆಮೇಲೆ ಬರೆಯುವ ಅಗತ್ಯ ಬೀಳಲಿಲ್ಲ ಎಂದರು ತಾತ. ಆ ಶನಿವಾರದ ಮರುದಿನ ಅಪ್ಪ ಎದೆಮಟ್ಟದ ನೀರಿನಲ್ಲಿ, ಮಗಳು ನಾಲ್ಕನೇ ಮೆಟ್ಟಿಲಲ್ಲಿ, ಹದಿನೇಳು ಮಕ್ಕಳು ದಡದಲ್ಲಿ. ಮಿಸ್ಸಿನ ಕೈ ಮೇಲೆ ಹೋದರೆ ಹದಿನೇಳು ಕೈಯೂ ಮೇಲೆ, ಕೆಳಗೆ ಬಂದರೆ ಹದಿನೇಳೂ ಕೆಳಗೆ. ಕೊನೆಗೆ ಮಿಸ್ ಅಂಗೈ ಎದುರಿಗೆ ಹಿಡಿದರು. ಹಿಡಿದದ್ದನ್ನು ಬಹಳ ಹೊತ್ತು ಇಳಿಸಲಿಲ್ಲವಂತೆ, ನೀರಿನಲ್ಲಿದ್ದವರೂ ಹಲಗೆ ಬಿಟ್ಟು ಮೇಲೆ ಬರಲಿಲ್ಲವಂತೆ.

"ಈ ಪೀರಿಯಡ್ಡಿಗೆ ಇದು ನಾಲ್ಕನೇ ವರ್ಷ. ಇನ್ನೂ ಪ್ರಯೋಗವೇ," ಎಂದು ತಾತ ಎದ್ದು ಗಂಟೆ ಹೊಡೆಯಲು ಹೋದರು.

ಮಾರನೇ ದಿನ ಶನಿವಾರ, ಶಾಲೆ ಇರಲಿಲ್ಲ. ಯಾರಿಗೂ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಕೆರೆಯ ಹತ್ತಿರ ಹೋದರೆ ನಮ್ಮ ತರಗತಿಯ ಹತ್ತೊಂಬತ್ತು ಜನರಲ್ಲಿ ಹದಿನಾರು ಜನ ಅಲ್ಲಿದ್ದರು. ಒಬ್ಬಳು ಮನೆಯಿಂದ ಬಟ್ಟಲು ತಂದಿದ್ದಳು. ಇನ್ನೊಬ್ಬ ಅವರಪ್ಪನ ಕೆಲಸದ ಪಟ್ಟಿ ತಂದಿದ್ದ. ಸರಿಯಾಗಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪಟ್ಟಿ ಇಟ್ಟೆವು, ಬಟ್ಟಲು ತುಂಬಿದೆವು. ಎತ್ತರದವನು ನೀರಿಗಿಳಿದ, ನಾನು ನಾಲ್ಕನೇ ಮೆಟ್ಟಿಲಲ್ಲಿ ಕೂತೆ. ಐದನೇ ಗೆರೆ ಅಂಚಿಗೆ ಸಮವಾಗಿತ್ತು. ಒಂದು ಹನಿ ಚೆಲ್ಲಲಿಲ್ಲ.

ಮೇಲಿನ ಮೆಟ್ಟಿಲಲ್ಲಿ ಒಬ್ಬ ಮುದುಕರು ಕೂತು ಕೊಡೆ ಹೊಲಿಯುತ್ತಿದ್ದರು. ಸರಿ ಇದೆ ತಾತಾ ಎಂದು ಕೂಗಿದೆವು. ಅವರು ತಲೆ ಎತ್ತಲಿಲ್ಲ. ಮತ್ತೆ ಕೂಗಿದೆವು. ಆಮೇಲೆ ನನಗೆ ನೆನಪಾಯಿತು. ಮೆಟ್ಟಿಲು ಹತ್ತಿ ಅವರ ಎದುರಿಗೆ ನಿಂತು ಅಂಗೈ ಹಿಡಿದೆ. ಅವರು ಸೂಜಿ ಬಾಯಲ್ಲಿ ಕಚ್ಚಿಕೊಂಡು, ತಮ್ಮ ಅಂಗೈಯನ್ನೂ ಎತ್ತಿ ಎದುರಿಗೆ ಹಿಡಿದರು.